ಮನೆಯವರ ಮುಂದೆ ಸಾಕ್ಷಿ ಹೇಳೋದು: ಪದೇ ಪದೇ ಕೇಳುವ ಪ್ರಶ್ನೆಗಳು

ಭಾನುವಾರ ಆರಾಧನೆ ಮುಗಿದ ಮೇಲೆ ಹೊರಗಡೆ ಚಪ್ಪಲಿ ಹುಡುಕ್ತಾ ಇರ್ತೀವಲ್ಲ, ಆ ಐದು ನಿಮಿಷದಲ್ಲೇ ನಂಗೆ ಜಾಸ್ತಿ ಪ್ರಶ್ನೆ ಬರೋದು. ಉಳಿದಿದ್ದು ರಾತ್ರಿ ಹನ್ನೊಂದು ಗಂಟೆ ಮೇಲೆ ವಾಟ್ಸಾಪಲ್ಲಿ ವಾಯ್ಸ್ ಮೆಸೇಜು. ಎಲ್ಲಾ ಸುತ್ತಿ ಬಳಸಿ ಒಂದೇ ವಿಷಯ, ಯೇಸುನ ನಂಬಿ ನನ್ ಬದುಕಲ್ಲಿ ಆಗಿದ್ದನ್ನ, ಅಂದ್ರೆ ನನ್ ಸಾಕ್ಷಿನ, ಮನೇಲಿ ಹೇಗೆ ಹೇಳ್ಲಿ ಅಂತ. ನಾನು ತುಮಕೂರು ಕಡೆ ಹಳ್ಳಿಯವನು, ನಮ್ಮ ಮನೇಲಿ ನಾನೊಬ್ಬನೇ ವಿಶ್ವಾಸಿ, 14 ವರ್ಷ ಆಯ್ತು, ಅದಕ್ಕೆ ಕೇಳ್ತಾರೆ ಅನ್ಸುತ್ತೆ. ಪಾಸ್ಟರ್ ಅಲ್ಲ ನಾನು. ಅವರು ಕೇಳಿದ ಮಾತಲ್ಲೇ ಪ್ರಶ್ನೆ ಹಾಕಿದೀನಿ.

## ಶುರು ಮಾಡೋರಿಗೆ

ಸಾಕ್ಷಿ ಅಂದ್ರೆ ಏನ್ ಬ್ರದರ್, ಪ್ರಸಂಗ ಮಾಡ್ಬೇಕಾ?

ಬೇಡ. ಕೋರ್ಟಲ್ಲಿ ಸಾಕ್ಷಿ ಕಟಕಟೆಗೆ ಬಂದೋನು ಏನ್ ಮಾಡ್ತಾನೆ, ನೋಡಿದ್ದು ಹೇಳ್ತಾನೆ, ವಾದ ಮಾಡೋದು ವಕೀಲನ ಕೆಲಸ, ತೀರ್ಪು ಕೊಡೋದು ಜಡ್ಜ್ ಕೆಲಸ. ನಾವು ಸಾಕ್ಷಿ ಹೇಳೋಕೆ ಅಂತ ಹೋಗಿ ವಕೀಲನೂ ಆಗಿ ಜಡ್ಜೂ ಆಗಿ ವಾಪಸ್ ಬರ್ತೀವಿ, ಅಲ್ಲೇ ಕೆಡೋದು. ಬೈಬಲಿನ ಯೋಹಾನ 9ನೇ ಅಧ್ಯಾಯದಲ್ಲಿ ಹುಟ್ಟುಕುರುಡ ಒಬ್ಬ ಬರ್ತಾನೆ ನೋಡಿ, ದೊಡ್ಡ ದೊಡ್ಡೋರು ಅವನನ್ನ ಕೂರಿಸ್ಕೊಂಡು ಯೇಸು ಪಾಪಿನೋ ಅಲ್ವೋ ಅಂತ ಪ್ರಶ್ನೆ ಮೇಲೆ ಪ್ರಶ್ನೆ ಹಾಕ್ತಾರೆ, ಅವನು ಅದೆಲ್ಲ ನಂಗೊತ್ತಿಲ್ಲ ಸ್ವಾಮಿ, ಮೊದ್ಲು ಕಣ್ಣು ಕಾಣ್ತಿರ್ಲಿಲ್ಲ ಈಗ ಕಾಣುತ್ತೆ, ಅಷ್ಟು ಗೊತ್ತು ಅಂತಾನೆ. ಅದು ಸಾಕ್ಷಿ. ಮನೇಲಿ ಅಷ್ಟು ಹೇಳಿದ್ರೆ ಸಾಕು.

ಚರ್ಚ್ ಸಭೇಲಿ ಮೈಕ್ ಹಿಡಿದ್ರೆ ಆರಾಮಾಗಿ ಮಾತಾಡ್ತೀನಿ, ಮನೇಲಿ ಬಾಯೇ ಬರಲ್ಲ. ನನ್ ನಂಬಿಕೆಯಲ್ಲೇ ಏನಾದ್ರೂ ಕಮ್ಮಿ ಇದ್ಯಾ?

ನಂಬಿಕೆ ಕಮ್ಮಿಯಾಗಿ ಅಲ್ಲ ಅದು. ಸಭೆಯೋರಿಗೆ ನೀವು ಭಾನುವಾರದ ಇಸ್ತ್ರಿ ಹಾಕಿದ ಶರ್ಟಲ್ಲಿ ಮಾತ್ರ ಗೊತ್ತು, ಮನೆಯೋರಿಗೆ ನೀವು ತಂಗಿ ಜೊತೆ ರಿಮೋಟಿಗೆ ಕಿತ್ತಾಡಿದ್ದೂ ಗೊತ್ತು. ತಾನು ಬೆಳೆದ ಊರು ನಜರೇತಿನಲ್ಲಿ ಯೇಸುಗೇ "ಇವನು ಆ ಬಡಗಿ ಅಲ್ವಾ" ಅಂದ್ರು, ಅವನ ತಮ್ಮಂದಿರೇ ಮೊದಲು ಅವನನ್ನ ನಂಬಿರ್ಲಿಲ್ಲ ಅಂತ ಯೋಹಾನ 7ರಲ್ಲಿ ಬರೆದಿದೆ. ಹಾಗಿದ್ರೂ ಮಾರ್ಕ 5ರಲ್ಲಿ ದೆವ್ವ ಬಿಟ್ಟುಹೋದ ಆ ಮನುಷ್ಯ ನಾನೂ ನಿನ್ ಜೊತೆ ಬರ್ತೀನಿ ಅಂತ ಬೇಡ್ಕೊಂಡಾಗ ಯೇಸು ಅವನನ್ನ ದೋಣಿ ಹತ್ತಿಸ್ಕೊಳ್ಳಲ್ಲ, ನಿನ್ ಮನೆಗೆ ಹೋಗು, ನಿನ್ನೋರಿಗೆ ಹೇಳು ಅಂತ ಕಳಿಸ್ತಾನೆ. ಆ ಮನುಷ್ಯ ಸಮಾಧಿಗಳ ಮಧ್ಯೆ ಬಟ್ಟೆ ಇಲ್ದೆ ಓಡಾಡ್ತಿದ್ದೋನು, ಊರಿಗೆಲ್ಲಾ ಗೊತ್ತಿದ್ದೋನು. ಅವನು ಮನೆ ಬಾಗ್ಲಲ್ಲಿ ನಿಂತಾಗ ಅವನ ಹೆಂಡ್ತಿ ಮಕ್ಕಳೋ ಅಪ್ಪ ಅಮ್ಮನೋ ಬಾಗಿಲು ತೆಗೆಯೋಕೆ ಎಷ್ಟು ಹೊತ್ತು ತಗೊಂಡಿರಬಹುದು ಅಂತ ನಾನು ಎಷ್ಟೋ ಸಲ ಯೋಚ್ನೆ ಮಾಡಿದೀನಿ.

ನಾನು ಹುಟ್ಟಿದ್ದೇ ಕ್ರಿಶ್ಚಿಯನ್ ಮನೇಲಿ. ಕುಡಿದಿಲ್ಲ, ಕದ್ದಿಲ್ಲ. ನಂಗೆ ಹೇಳ್ಕೊಳ್ಳೋಕೆ ಸಾಕ್ಷಿ ಎಲ್ಲಿದೆ?

ಮಂಗಳೂರು, ಧಾರವಾಡ, ಹುಬ್ಬಳ್ಳಿ ಕಡೆ ಬಾಸೆಲ್ ಮಿಶನ್ ಅನ್ನೋ ಹಳೇ ಮಿಶನರಿ ಸಂಸ್ಥೆ ಕಾಲದ ಮನೆತನದ ಹುಡುಗ ಹುಡುಗೀರು ಇದನ್ನ ತುಂಬಾ ಕೇಳ್ತಾರೆ. ಅಪೊಸ್ತಲ ಪೌಲನ ಶಿಷ್ಯ ತಿಮೊಥೆಯನ ಕಥೆ ನಿಮ್ಮದೇ, ಅಜ್ಜಿ ಲೋವಿ, ತಾಯಿ ಯೂನಿಕೆ, ಅವರ ನಂಬಿಕೆ ಮೊಮ್ಮಗನವರೆಗೂ ಬಂತು ಅಂತ ಪೌಲ ಹೆಸರು ಹಿಡಿದು ಬರೀತಾನೆ. ದಯವಿಟ್ಟು ಇಲ್ಲದ ಪಾಪ ಹುಟ್ಟಿಸ್ಕೋಬೇಡಿ. ಅಜ್ಜಿ ದಿನಾ ಕೂತು ಪ್ರಾರ್ಥನೆ ಮಾಡ್ತಿದ್ದ ಮಣೆ, ಪಿಯುಸಿ ಫೇಲಾದ ರಾತ್ರಿ ನಿಮ್ ಮನಸ್ಸಲ್ಲಿ ನಡೆದಿದ್ದು, ಅಪ್ಪ ಅಮ್ಮನ ದೇವರು ನಂಗೂ ದೇವರಾದ ದಿನ, ಅದು ಸಾಕು. ನಿಜ ಹೇಳ್ಬೇಕಂದ್ರೆ ನಮ್ಮಂಥ ರಗಳೆ ಕಥೆಗಳಿಗಿಂತ ನಿಮ್ದೇ ಮನೆಯೋರು ನೆಮ್ಮದಿಯಾಗಿ ಕೇಳೋದು.

ಎಷ್ಟೊತ್ತು ಹೇಳ್ಬೇಕು? ಬರೆದಿಟ್ಕೊಳ್ಳಲಾ?

ಬರೀರಿ, ಓದ್ಬೇಡಿ. ಒಂದು ಲೋಟ ಕಾಫಿ ಆರೋದ್ರೊಳಗೆ ಮುಗಿಬೇಕು.

ನಾನು ಮಾತಾಡಿದ್ರೆ "ಬಂತಪ್ಪ ಚರ್ಚ್ ಭಾಷೆ" ಅಂತ ನಗ್ತಾರೆ. ಯಾವ ಪದ ಬಳಸ್ಲಿ?

ನಗೋದ್ರಲ್ಲಿ ಅವರ ತಪ್ಪೇನೂ ಇಲ್ಲ ಕಣ್ರೀ. ನಮ್ಮ ಸಭೆಗಳ ಕನ್ನಡ ಹಳೇ ಬೈಬಲ್ ಅನುವಾದದಿಂದ ಬಂದಿರೋ ಕನ್ನಡ, ನಮಗೆ ಬಾಯಿಗೆ ಕೂತುಬಿಟ್ಟಿದೆ, ಹೊರಗಿನೋರಿಗೆ ಅದು ಬೇರೆ ಏನೋ ಕೇಳ್ಸುತ್ತೆ. ನಾನು ಮೊದಲ ಸಲ ಊರಿಗೆ ಹೋಗಿ "ಅಮ್ಮಾ ನಾನು ರಕ್ಷಣೆ ಹೊಂದಿದೆ" ಅಂದೆ. ಅಮ್ಮ ಗಾಬರಿ ಬಿದ್ದು "ಯಾರೋ ಹೊಡೆಯೋಕೆ ಬಂದಿದ್ರೇನೋ?" ಅಂದ್ಳು. ಪೊಲೀಸ್ ರಕ್ಷಣೆ ಅಂದ್ಕೊಂಡಿದ್ಳು ಪಾಪ.

ಅದಕ್ಕಿಂತ ಡೇಂಜರ್ ಪದ "ಪಾಪಿ". ನಮ್ಮ ಕಡೆ "ಅಯ್ಯೋ ಪಾಪ" ಅಂದ್ರೆ ಕನಿಕರ, ಆದ್ರೆ "ಪಾಪಿ" ಅಂದ್ರೆ ಬೈಗುಳ, ಅದೂ ಮುಂಡೇಮಗ ಅನ್ನೋ ಲೆವೆಲ್ಲಿನ ಬೈಗುಳ. ಏಕಾದಶಿ ಉಪವಾಸ ಮಾಡ್ಕೊಂಡು ಯಾರಿಗೂ ಕೆಟ್ಟದ್ದು ಬಯಸದೆ ಬದುಕಿರೋ ಅಜ್ಜಿಗೆ "ನಾವೆಲ್ಲಾ ಪಾಪಿಗಳು ಅಜ್ಜಿ" ಅಂದ್ರೆ ಮುಂದೆ ನೀವು ಏನ್ ಹೇಳಿದ್ರೂ ಆಯಮ್ಮನ ಕಿವಿಗೆ ಹೋಗಲ್ಲ. ನಿಮ್ದೇ ಹೇಳಿ, ನಾನು ಸುಳ್ಳು ಹೇಳ್ತಿದ್ದೆ, ಅಣ್ಣನ ಮೇಲೆ ಹೊಟ್ಟೆಕಿಚ್ಚು ಪಡ್ತಿದ್ದೆ, ಹೀಗೆ ಹೆಸರು ಹಿಡಿದು. "ಸುವಾರ್ತೆ", "ಅಭಿಷೇಕ", "ದರ್ಶನ", "ಬಿಡುಗಡೆ" ಇವನ್ನೂ ಮನೆ ಹೊಸ್ತಿಲ ಆಚೆ ಬಿಟ್ಟು ಹೋಗಿ. ಅಭಿಷೇಕ ಅಂದ್ರೆ ಅವರಿಗೆ ನೆನಪಾಗೋದು ಹಾಲು ಮೊಸರು. "ಕರ್ತನು" ಬದಲು "ದೇವರು" ಅನ್ನಿ, "ಯೇಸು" ಅನ್ನಿ, ನಮ್ಮ ಕಡೆ ಹಳ್ಳಿ ಜನ ಅವರಾಗವರೇ "ಯೇಸಪ್ಪ" ಅಂತಾರೆ, ಮುತ್ತಪ್ಪ ತಿಮ್ಮಪ್ಪ ಅಂದಂಗೆ, ತಿದ್ದೋಕೆ ಹೋಗ್ಬೇಡಿ. ಅಪೊಸ್ತಲರ ಕೃತ್ಯಗಳು 22ರಲ್ಲಿ ಪೌಲನ್ನ ಹೊಡೆದು ಸಾಯ್ಸೋಕೆ ನಿಂತಿದ್ದ ಜನ ಅವನು ಅವರ ಮಾತಲ್ಲೇ ಶುರು ಮಾಡಿದ ತಕ್ಷಣ ಸುಮ್ಮನಾದ್ರು. ಆಮೇಲೆ ಮತ್ತೆ ಕೂಗಾಡಿದ್ರು ಅನ್ನೋದು ಬೇರೆ ಮಾತು.

## ಮನೆ ಒಳಗೆ

ಮೊದಲು ಯಾರಿಗೆ ಹೇಳ್ಲಿ, ಅಪ್ಪಂಗಾ ಅಮ್ಮಂಗಾ? ಯಾವ ಟೈಮಲ್ಲಿ?

ನಿಮ್ ಮನೇಲಿ ಕೆಟ್ಟ ಸುದ್ದಿ ಯಾರ ಮೂಲಕ ಅಪ್ಪನಿಗೆ ಹೋಗುತ್ತೋ ಅವರಿಗೆ. ಎಷ್ಟೋ ಮನೇಲಿ ಅದು ಅಮ್ಮ, ಕೆಲವು ಮನೇಲಿ ಅಕ್ಕ ಅಥವಾ ಸೋದರಮಾವ. ಗೌರಿ ಗಣೇಶ ಹಬ್ಬದ ದಿನ ಬೇಡ, ಯಾರದೋ ತಿಥಿ ದಿನ ಬೇಡ, ಜಗಳದ ಮಧ್ಯೆ ಅಂತೂ ಬೇಡವೇ ಬೇಡ. ಸೊಪ್ಪು ಬಿಡಿಸ್ತಾ, ಅವರೆಕಾಯಿ ಸುಲೀತಾ ಕೂತಿರೋವಾಗ ಒಳ್ಳೇದು, ಕೈಗೆ ಕೆಲಸ ಇದ್ರೆ ಕಣ್ಣಲ್ಲಿ ಕಣ್ಣಿಟ್ಟು ನೋಡೋ ಕಷ್ಟ ಇರಲ್ಲ. ಆದ್ರೆ ಬೇರೆಯೋರ ಬಾಯಿಂದ ಗೊತ್ತಾಗೋಕೆ ಮುಂಚೆ ಹೇಳ್ಬಿಡಿ. ನೀವು ಚರ್ಚಿಗೆ ಹೋಗ್ತೀರಿ ಅನ್ನೋದಕ್ಕಿಂತ ಮುಚ್ಚಿಟ್ರಿ ಅನ್ನೋದೇ ಅವರಿಗೆ ದೊಡ್ಡ ಪೆಟ್ಟಾಗುತ್ತೆ.

"ಎಷ್ಟ್ ದುಡ್ ಕೊಟ್ರು ನಿಂಗೆ?" ಅಂತ ಚಿಕ್ಕಪ್ಪ ಎಲ್ಲರ ಮುಂದೆ ಕೇಳ್ಬಿಟ್ರು. ಏನ್ ಹೇಳ್ಬೇಕಿತ್ತು?

ಸಿಟ್ಟು ಮಾಡ್ಕೊಳ್ದೆ "ಏನೂ ಕೊಟ್ಟಿಲ್ಲ ಚಿಕ್ಕಪ್ಪ, ನಾನೇ ಕಾಣಿಕೆ ಹಾಕ್ತೀನಿ" ಅನ್ನಿ, ನಗ್ತಾರೆ, ಅಲ್ಲಿಗೆ ನಿಲ್ಲುತ್ತೆ. ಬರೀ ಮಾತಲ್ಲಿ ಈ ಅನುಮಾನ ಹೋಗಲ್ಲ. ನೀವು ಅದೇ ಹಳೇ ಬೈಕಲ್ಲಿ ಓಡಾಡ್ತಾ, ಮನೆ ಸಾಲದ ಕಂತಿಗೆ ಮೊದಲಿನ ಹಾಗೇ ದುಡ್ಡು ಕಳಿಸ್ತಾ ಇದ್ರೆ ಎರಡು ವರ್ಷದಲ್ಲಿ ಅದೇ ಚಿಕ್ಕಪ್ಪನೇ ಬೇರೆಯೋರಿಗೆ ಉತ್ತರ ಹೇಳ್ತಾರೆ.

ಹಬ್ಬದಲ್ಲಿ ಏನ್ ಮಾಡ್ಲಿ? ಪ್ರಸಾದ ಬೇಡ ಅಂದ್ರೆ ಅಮ್ಮ ಅಳ್ತಾಳೆ, ತಿಂದ್ರೆ ಸಭೆಯೋರು ಬೈತಾರೆ.

ಇದಕ್ಕೆ ಒಂದೇ ಉತ್ತರ ಕೊಡೋರನ್ನ ನಾನು ನಂಬಲ್ಲ. ಕೊರಿಂಥದೋರಿಗೆ ಬರೆದ ಮೊದಲ ಪತ್ರದಲ್ಲಿ ಪೌಲ ಮೂರು ಅಧ್ಯಾಯ ಇದರ ಸುತ್ತಲೇ ಒದ್ದಾಡ್ತಾನೆ, ವಿಗ್ರಹ ಅಂದ್ರೆ ಏನೂ ಅಲ್ಲ ಅಂತಾನೆ, ಬೇರೆಯೋರ ಮನಸ್ಸಾಕ್ಷಿಗೆ ಎಡವಟ್ಟು ಆಗ್ಬಾರ್ದು ಅಂತಾನೆ, ಊಟಕ್ಕೆ ಕರೆದ್ರೆ ಹೋಗಿ ಬಡಿಸಿದ್ದು ತಿನ್ನು, ಇದು ಅರ್ಪಿಸಿದ್ದು ಅಂತ ಯಾರಾದ್ರೂ ಹೇಳಿದ್ರೆ ಮಾತ್ರ ಬೇಡ ಅಂತಾನೆ. ಕೆಥೊಲಿಕರು, ಸಿಎಸ್‌ಐನೋರು, ಪೆಂತೆಕೊಸ್ತಿನೋರು, ಹೀಗೆ ನಮ್ಮಲ್ಲಿರೋ ಬೇರೆ ಬೇರೆ ಪಂಗಡದೋರು ಇದನ್ನ ಒಂದೇ ಥರ ನೋಡಲ್ಲ.

ನಾನು ಮಾಡೋದು ಹೇಳ್ತೀನಿ. ಪೂಜೆಗೆ ಕೈ ಮುಗಿದು ನಿಲ್ಲಲ್ಲ, ಮಂಗಳಾರತಿ ತಗೊಳಲ್ಲ, ನೈವೇದ್ಯಕ್ಕೆ ಇಟ್ಟಿದ್ದು ತಿನ್ನಲ್ಲ. ಆದ್ರೆ ಹಿಂದಿನ ದಿನ ಮನೆ ಸಾರಿಸೋಕೆ, ಮಾವಿನ ಎಲೆ ಕಟ್ಟೋಕೆ, ಸಾಮಾನು ತರೋಕೆ ಎಲ್ಲದಕ್ಕೂ ನಾನೇ ಮುಂದೆ. ಅಮ್ಮ ಎರಡು ವರ್ಷ ಅತ್ತಳು, ಮೂರನೇ ವರ್ಷ ನಂಗೆ ಅಂತ ನೈವೇದ್ಯಕ್ಕೆ ಮುಂಚೆನೇ ನಾಕು ಹೋಳಿಗೆ ಬೇರೆ ಡಬ್ಬೀಲಿ ಎತ್ತಿಟ್ಟಿದ್ಳು, ಯಾರೂ ಹೇಳಿಕೊಟ್ಟಿರ್ಲಿಲ್ಲ. ಬೇಡ ಅನ್ನೋದನ್ನ ಅಡುಗೆಮನೇಲಿ ಮೆಲ್ಲಗೆ ಮೊದಲೇ ಹೇಳಿಟ್ರೆ ಪಂಕ್ತೀಲಿ ಎಲ್ಲರ ಮುಂದೆ ಎಲೆ ಮೇಲೆ ಕೈ ಅಡ್ಡ ಹಿಡಿಯೋ ಅವಮಾನ ತಪ್ಪುತ್ತೆ. ಸಂಕ್ರಾಂತಿ ಎಳ್ಳು ಬೆಲ್ಲದ ಬಗ್ಗೆನೂ ತಕರಾರು ತೆಗೆಯೋ ನಮ್ಮೋರು ಇದಾರೆ, ಪಕ್ಕದ ಮನೆ ಪುಟ್ಟಿ ಹೊಸ ಲಂಗ ಹಾಕ್ಕೊಂಡು ತಟ್ಟೆ ಹಿಡ್ಕೊಂಡು ಬಂದ್ರೆ ನಾನಂತೂ ತಗೋತೀನಿ, ಒಳ್ಳೇ ಮಾತೂ ಆಡ್ತೀನಿ.

ಅಪ್ಪ ತೀರ್ಕೊಂಡ್ರೆ ನಾನೇ ದೊಡ್ಡ ಮಗ. ಕೊಳ್ಳಿ ಇಡಲ್ಲ ಅಂದ್ರೆ ಆಮೇಲೆ ಯಾವ ಮುಖ ಇಟ್ಕೊಂಡು ಸಾಕ್ಷಿ ಹೇಳ್ಲಿ?

ಇದನ್ನ ಅಪ್ಪ ಇದ್ದಾಗಲೇ ಅಪ್ಪನ ಹತ್ರನೇ ಮಾತಾಡಿ. ಕೇಳೋಕೆ ಕಷ್ಟ ಅನ್ಸುತ್ತೆ ಗೊತ್ತು. ಹೆಣ ಅಂಗಳದಲ್ಲಿ ಇಟ್ಕೊಂಡು, ನೆಂಟರೆಲ್ಲ ನಿಂತಿರುವಾಗ, ಫೋನಲ್ಲಿ ಪಾಸ್ಟರ್‌ನ ಕೇಳಿ ತೀರ್ಮಾನ ಮಾಡೋದು ಅದಕ್ಕಿಂತ ಕಷ್ಟ. ಹೆಗಲು ಕೊಡೋದು, ಕಟ್ಟಿಗೆ ತರ್ಸೋದು, ಸ್ಮಶಾನದಲ್ಲೋ ಆಸ್ಪತ್ರೇಲೋ ಓಡಾಡೋದು, ಖರ್ಚು ಹೊರೋದು, ಇದಕ್ಕೆ ಯಾವ ಸಭೆನೂ ಅಡ್ಡ ಬರಲ್ಲ. ಮಂತ್ರ, ಪಿಂಡ ಇರೋ ಭಾಗ ತಮ್ಮನೋ ದಾಯಾದಿಯೋ ಮಾಡೋ ಹಾಗೆ ಮೊದಲೇ ಮಾತಾಗಿದ್ರೆ ಊರು ಗೊಣಗುತ್ತೆ, ಆದ್ರೆ ಮನೆ ಒಡೆಯಲ್ಲ. ಚಿತೆಗೆ ಬೆಂಕಿ ಇಟ್ಟು ಮಂತ್ರ ಹೇಳದೆ ಬಂದೋರೂ ನಂಗೆ ಗೊತ್ತು, ಅದು ತಪ್ಪು ಅಂತ ನನ್ನ ಬಾಯಲ್ಲಿ ಬರಲ್ಲ. ಆಮೇಲೆ ಹನ್ನೊಂದು ದಿನ ಊರಲ್ಲೇ ಇರಿ. ಎರಡನೇ ದಿನ ಆಫೀಸ್ ಅಂತ ಬಸ್ ಹತ್ತಿದ್ರೆ ಕೊಳ್ಳಿ ಇಟ್ಟಿದ್ರೂ ಪ್ರಯೋಜನ ಇಲ್ಲ.

ಗಂಡನ ಮನೇಲಿದೀನಿ ಅಣ್ಣ. ಗಂಡಂಗೆ ಗೊತ್ತಾದ್ರೆ ಏನ್ ಮಾಡ್ತಾರೋ ಅಂತ ಭಯ.

ಅಕ್ಕ, 1 ಪೇತ್ರ 3ರಲ್ಲಿ ಹೆಂಡತಿ ಮಾತಿಲ್ಲದೆ ನಡತೆಯಿಂದಲೇ ಗಂಡನನ್ನ ಗೆಲ್ಲಬಹುದು ಅಂತ ಇದೆ, ಆದ್ರೆ ಆ ವಚನ ಇಟ್ಕೊಂಡು ಏಟು ತಿನ್ಕೊಂಡು ಇರು ಅಂತ ಯಾರಾದ್ರೂ ಹೇಳಿದ್ರೆ ಕೇಳ್ಬೇಡಿ. ಹೊಡೆಯೋ ಭಯ ಇದ್ರೆ ಸಾಕ್ಷಿ ಕಾಯ್ಲಿ, ಮೊದಲು ನೀವು ನಂಬೋ ಒಬ್ಬರಿಗೆ, ತವರಲ್ಲೋ ಸ್ನೇಹಿತೆಗೋ, ವಿಷಯ ಗೊತ್ತಿರಲಿ, 181 ಮಹಿಳಾ ಸಹಾಯವಾಣಿ, ತುರ್ತಿಗೆ 112. ಭಯ ಇಲ್ಲ, ಬರೀ ಸಂಕೋಚ ಅಂದ್ರೆ ಬೇರೆ ವಿಷಯ, ಆಗ ಗಂಡನಿಗೆ ಹೇಳದೆ ಪ್ರಾರ್ಥನಾ ಕೂಟಕ್ಕೆ "ಮಾರ್ಕೆಟ್ಟಿಗೆ ಹೋಗ್ತೀನಿ" ಅಂತ ಹೋಗೋದನ್ನ ಮೊದಲು ನಿಲ್ಸಿ.

ನಾನು ಜರ್ಮನೀಲಿ ಎಂಎಸ್ ಮಾಡುವಾಗ ನಂಬಿದೆ. ವಿಡಿಯೋ ಕಾಲಲ್ಲಿ ಹೇಳ್ಬಿಡ್ಲಾ?

ಬೇಡ, ಊರಿಗೆ ಬಂದಾಗ ಹೇಳಿ. ಕಾಲ್ ಕಟ್ ಆದ ಮೇಲೆ ಅವರು ಇಬ್ಬರೇ ಕೂತು ಅಳ್ತಾರೆ, ಅಷ್ಟು ದೂರದಿಂದ ನೀವು ಏನೂ ಮಾಡೋಕಾಗಲ್ಲ. ಬಂದಾಗ ಬದಲಾಗಿಲ್ಲ ಅನ್ನೋದೂ ಕಾಣ್ಬೇಕಲ್ಲ, ಅದೇ ಮುದ್ದೆ ಸೊಪ್ಪಿನ ಸಾರು ಅದೇ ಥರ ಬಾರಿಸ್ತಾನೆ ನಮ್ ಹುಡುಗ ಅಂತ.

## ಊರು, ವಿಡಿಯೋ, ಕಾನೂನು

ನನ್ನ ಸಾಕ್ಷಿ ವಿಡಿಯೋ ಮಾಡಿ ಯೂಟ್ಯೂಬಿಗೆ ಹಾಕ್ತೀವಿ ಅಂತಿದಾರೆ. ಒಪ್ಕೊಳ್ಲಾ?

ಇದರಲ್ಲಿ ನಾನು ಏಟು ತಿಂದಿದೀನಿ. ನಂಬಿ ಎರಡನೇ ವರ್ಷ, ಒಂದು ಕೂಟದಲ್ಲಿ ಉತ್ಸಾಹದಲ್ಲಿ ನಮ್ಮಪ್ಪ ಕುಡೀತಿದ್ದಿದ್ದು, ಅಮ್ಮಂಗೆ ಹೊಡೀತಿದ್ದಿದ್ದು, ಎಲ್ಲಾ ಹೇಳ್ಬಿಟ್ಟೆ, ಯಾರೋ ಫೋನಲ್ಲಿ ರೆಕಾರ್ಡ್ ಮಾಡಿ ಹಾಕಿದ್ರು, ಒಂದೇ ವಾರದಲ್ಲಿ ನಮ್ಮೂರ ಟೀ ಅಂಗಡೀಲಿ ಜನ ಗುಂಪು ಕಟ್ಕೊಂಡು ನೋಡ್ತಿದ್ರಂತೆ. ಅಪ್ಪ ಆ ಹೊತ್ತಿಗೆ ಕುಡಿಯೋದು ಬಿಟ್ಟು ನಾಕು ವರ್ಷ ಆಗಿತ್ತು, ತಾನಾಗೇ ಬಿಟ್ಟಿದ್ರು, ಅದನ್ನ ನಾನು ಹೇಳೇ ಇರ್ಲಿಲ್ಲ, ಕಥೆಗೆ ಸರಿಹೊಂದ್ತಿರ್ಲಿಲ್ಲ ಅಂತ ಕಾಣುತ್ತೆ. ಅಪ್ಪ ಎಂಟು ತಿಂಗಳು ನನ್ ಜೊತೆ ಮಾತಾಡ್ಲಿಲ್ಲ. ವಿಡಿಯೋ ಡಿಲೀಟ್ ಮಾಡ್ಸಿದ್ದಾಯ್ತು, ಕ್ಷಮೆ ಕೇಳಿದ್ದಾಯ್ತು, ಆ ಟೀ ಅಂಗಡಿಗೆ ಅಪ್ಪ ಈಗ್ಲೂ ಹೋಗಲ್ಲ.

ಹಾಗಾಗಿ ನಾನು ಹೇಳೋದು ಇಷ್ಟೇ, ನಿಮ್ಮ ಪಾಪ ನೀವು ಹೇಳಿ, ಅಪ್ಪಂದು ಅಣ್ಣಂದು ಹೇಳೋಕೆ ನಿಮಗೆ ಹಕ್ಕಿಲ್ಲ. ಜಾತಿ ಹೆಸರು, ಊರ ಹೆಸರು, ಮನೆದೇವರ ಹೆಸರು ಬೇಡ. ಹೇಳೋಕೆ ಮುಂಚೆ ಅದೇ ಮಾತನ್ನ ಅಮ್ಮನ ಮುಂದೆ ಹೇಳಿ ನೋಡಿ, ಅಮ್ಮನ ಮುಂದೆ ನಾಲಿಗೆ ಹೊರಳದ ಮಾತು ಮೈಕಲ್ಲೂ ಬೇಡ.

ಪ್ರಾರ್ಥನೆ ಮಾಡಿ ಶುಗರ್ ವಾಸಿಯಾಯ್ತು ಅಂತ ಮನೇಲಿ ಹೇಳ್ಬಹುದಾ?

ರಿಪೋರ್ಟಲ್ಲಿ ಏನಿದೆಯೋ ಅದನ್ನ ಹೇಳಿ. ಮಾತ್ರೆ ತಗೋತಾ ಇದ್ರೆ ಮಾತ್ರೆ ತಗೋತಿದೀನಿ ಅಂತಾನೂ ಹೇಳಿ, ಅದರಿಂದ ದೇವರಿಗೆ ಅವಮಾನ ಆಗಲ್ಲ, ಬೈಬಲಲ್ಲಿ ಯೇಸುವಿನ ಕಥೆ ಬರೆದ ಲೂಕನೇ ವೈದ್ಯ. ನಿಮ್ ಮಾತು ಕೇಳಿ ನಿಮ್ಮತ್ತೆ ಇನ್ಸುಲಿನ್ ಬಿಟ್ಟು ಆಸ್ಪತ್ರೆ ಸೇರಿದ್ರೆ ಆ ಸಾಕ್ಷಿನ ಊರು ಮೂರು ತಲೆಮಾರು ನೆನಪಿಟ್ಕೊಳ್ಳುತ್ತೆ.

"ಇದು ಬ್ರಿಟಿಷರ ಧರ್ಮ, ನೀನು ಗುಲಾಮ" ಅಂತ ನಮ್ ಅಣ್ಣ ದಿನಾ ಹೇಳ್ತಾನೆ. ಇತಿಹಾಸದಿಂದ ಏನು ಉತ್ತರ ಕೊಡ್ಲಿ?

ಮಾಹಿತಿ ಬೇಕಾದಷ್ಟಿದೆ. ಕರಾವಳೀಲಿ ಕೊಂಕಣಿ ಕೆಥೊಲಿಕರು ಬ್ರಿಟಿಷರು ಬರೋಕೆ ಎಷ್ಟೋ ಮುಂಚಿನೋರು, ಟಿಪ್ಪು 1784ರಲ್ಲಿ ಅವರನ್ನ ಸೆರೆ ಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದ ಇತಿಹಾಸ ಇದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ ಸ್ವಿಟ್ಜರ್ಲೆಂಡಿಂದು, ಬಂದೋರಲ್ಲಿ ಜರ್ಮನರೇ ಜಾಸ್ತಿ. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರ ಶುರು ಮಾಡಿದ ಮೋಗ್ಲಿಂಗ್, 1894ರಲ್ಲಿ ನಿಘಂಟು ಅಚ್ಚು ಹಾಕಿಸಿದ ಕಿಟೆಲ್ ಇಬ್ಬರೂ ಆ ಮಿಶನ್ನೋರು. ಮಂಗಳೂರಲ್ಲೇ 1844ರಲ್ಲಿ ಆನಂದರಾವ್ ಕೌಂಡಿನ್ಯ ಅನ್ನೋ ಬ್ರಾಹ್ಮಣ ಯುವಕ ಕ್ರೈಸ್ತನಾಗೋ ದೀಕ್ಷಾಸ್ನಾನ ತಗೊಂಡಾಗ ಪೇಟೆಯೆಲ್ಲಾ ಗಲಾಟೆ ಎದ್ದಿತ್ತು, ಆಮೇಲೆ ಬಾಸೆಲ್‌ಗೆ ಹೋಗಿ ಓದಿ ಬಂದು ಇಲ್ಲೇ ಪಾದ್ರಿ ಆದ್ರು. ಅಂದ್ರೆ ನಿಮ್ಮ ಮನೇಲಿ ನಡೀತಿರೋ ರಾಮಾಯಣ ಹೊಸದೇನಲ್ಲ.

ಆದ್ರೆ ಇದೆಲ್ಲಾ ಹೇಳಿ ಅಣ್ಣನ ಬಾಯಿ ಮುಚ್ಚಿಸಬಹುದೇ ಹೊರತು ಮನಸ್ಸು ತೆರೆಸೋಕಾಗಲ್ಲ. ಮಿಶನರಿಗಳ ಕೈಲಿ ತಪ್ಪೂ ನಡೆದಿದೆ, ನಮ್ಮ ದೇವರುಗಳ ಬಗ್ಗೆ ಕೀಳಾಗಿ ಬರೆದೋರೂ ಇದ್ರು, ಅದನ್ನ ಅಣ್ಣ ಎತ್ತಿದ್ರೆ ಹೌದು ಅಂತ ಒಪ್ಕೊಳ್ಳಿ. ಅಣ್ಣನ ನಿಜವಾದ ಪ್ರಶ್ನೆ ಬ್ರಿಟಿಷರ ಬಗ್ಗೆ ಅಲ್ಲ ಅಂತ ನಂಗನ್ಸುತ್ತೆ, ನೀನು ನಮ್ಮೋನಾಗೇ ಇದೀಯಾ ಅಂತ ಕೇಳ್ತಿದಾನೆ.

ಸಾಕ್ಷಿ ಹೇಳಿದ್ರೆ ಮತಾಂತರ ಕೇಸ್ ಹಾಕ್ತಾರಂತೆ, ನಿಜಾನಾ?

ಸಂವಿಧಾನದ 25ನೇ ವಿಧಿ ಧರ್ಮ ಪಾಲಿಸೋ ಜೊತೆ ಪ್ರಚಾರ ಮಾಡೋ ಹಕ್ಕನ್ನೂ ಕೊಡುತ್ತೆ, ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯಕ್ಕೆ ಒಳಪಟ್ಟು. 1977ರಲ್ಲಿ ಸುಪ್ರೀಂ ಕೋರ್ಟು ಸ್ಟಾನಿಸ್ಲಾಸ್ ಪ್ರಕರಣದಲ್ಲಿ ಪ್ರಚಾರದ ಹಕ್ಕು ಅಂದ್ರೆ ಇನ್ನೊಬ್ಬರನ್ನ ಮತಾಂತರ ಮಾಡೋ ಹಕ್ಕಲ್ಲ ಅಂದಿದೆ. ಕರ್ನಾಟಕದಲ್ಲಿ 2022ರ ಕಾಯ್ದೆ ಬಂತು, ಬಲವಂತ, ವಂಚನೆ, ಆಮಿಷದ ಮತಾಂತರಕ್ಕೆ 3ರಿಂದ 5 ವರ್ಷ ಜೈಲು, ಮಹಿಳೆಯರು, ಅಪ್ರಾಪ್ತರು, ಪರಿಶಿಷ್ಟರ ವಿಷಯದಲ್ಲಿ 10 ವರ್ಷದವರೆಗೆ, ಮತ ಬದಲಿಸೋರು 30 ದಿನ ಮುಂಚೆ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ತಿಳಿಸ್ಬೇಕು ಅಂತೆಲ್ಲ. 2023 ಜೂನ್‌ನಲ್ಲಿ ಹೊಸ ಸರ್ಕಾರದ ಸಂಪುಟ ಅದನ್ನ ರದ್ದು ಮಾಡೋ ತೀರ್ಮಾನ ತಗೊಂಡ್ತು, ಆದ್ರೆ ಸಂಪುಟದ ತೀರ್ಮಾನ ಬೇರೆ, ಸದನದಲ್ಲಿ ಕಾಯ್ದೆ ರದ್ದಾಗೋದು ಬೇರೆ, ದೀಕ್ಷಾಸ್ನಾನದ ಮಾತು ಬಂದಾಗ ವಕೀಲರನ್ನ ಕೇಳ್ಕೊಂಡೇ ಹೆಜ್ಜೆ ಇಡಿ.

ಆ ಕಾಯ್ದೇಲಿ ಆಮಿಷದ ವ್ಯಾಖ್ಯೆ ಒಮ್ಮೆ ಓದಿ. ಕೆಲಸ, ಉಚಿತ ಶಿಕ್ಷಣ, ಮದುವೆ ಮಾತು, ಒಳ್ಳೇ ಜೀವನ, ದೇವರ ಕೋಪದ ಹೆದರಿಕೆ, ಇನ್ನೊಂದು ಧರ್ಮದ ಆಚರಣೆನ ಕೀಳು ಮಾಡೋದು, ಎಲ್ಲಾ ಬರುತ್ತೆ. ಕಾಯ್ದೆ ಇರ್ಲಿ ಬಿಡ್ಲಿ, ಮನೇಲಿ ಸಾಕ್ಷಿ ಹೇಳೋವಾಗ ಇದ್ಯಾವುದೂ ಬಾಯಿಗೆ ಬರೋ ಅಗತ್ಯನೇ ಇಲ್ಲ. "ನಂಬಿದ್ರೆ ತಂಗಿಗೆ ಮದುವೆ ಆಗುತ್ತೆ" ಅಂತ ಹೇಳಿದ್ರೆ ಅದು ಸಾಕ್ಷಿ ಅಲ್ಲ, ವ್ಯಾಪಾರ.

ನಾವು ಎಸ್‌ಸಿ. ಸರ್ಟಿಫಿಕೇಟ್ ಹೋಗುತ್ತೆ ಅಂತ ಅಪ್ಪ ಸುಮ್ನಿರು ಅಂತಾರೆ. ಸುಳ್ಳು ಹೇಳ್ದಂಗೆ ಆಗಲ್ವಾ?

ಅಪ್ಪನ ಭಯ ಸುಳ್ಳಲ್ಲ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಹಿಂದೂ, ಆಮೇಲೆ 1956ರಲ್ಲಿ ಸೇರಿದ ಸಿಖ್, 1990ರಲ್ಲಿ ಸೇರಿದ ಬೌದ್ಧರಿಗೆ ಮಾತ್ರ ಪರಿಶಿಷ್ಟ ಜಾತಿ ಸ್ಥಾನಮಾನ. ಕ್ರೈಸ್ತ ಆದ್ರೂ ಕೇರಿ ಅದೇ, ಅವಮಾನ ಅದೇ, ಸೌಲಭ್ಯ ಮಾತ್ರ ಇಲ್ಲ, ಇದು ಅನ್ಯಾಯ ಅಂತ ದಲಿತ ಕ್ರೈಸ್ತರು ಎಷ್ಟೋ ವರ್ಷದಿಂದ ಹೋರಾಡ್ತಾನೇ ಇದಾರೆ. ಮೂರು ಮಕ್ಕಳನ್ನ ಹಾಸ್ಟೆಲಲ್ಲಿ ಓದಿಸ್ತಿರೋ ಅಪ್ಪನಿಗೆ ಮೇಲ್ಜಾತಿ ಮನೆಯಿಂದ ಬಂದ ನಾನು ಧೈರ್ಯದ ಪಾಠ ಹೇಳಿದ್ರೆ ನಾಚಿಕೆಗೇಡು, ಹೇಳಲ್ಲ. ನಿಮ್ಮ ನಂಬಿಕೆನ ಮನೇಲಿ ಮುಚ್ಚಿಡಬೇಡಿ, ಕಾಗದದ ವಿಷಯದಲ್ಲಿ ಸುಳ್ಳು ಸಹಿ ಹಾಕ್ಬೇಡಿ, ಯಾವಾಗ ಏನು ಅನ್ನೋದನ್ನ ಅಪ್ಪನ ಜೊತೆ ಕೂತು ತೀರ್ಮಾನಿಸಿ.

ಹತ್ತು ವರ್ಷ ಆಯ್ತು ಅಣ್ಣ, ಮನೇಲಿ ಒಬ್ರೂ ಬದಲಾಗಿಲ್ಲ. ನನ್ ಸಾಕ್ಷಿ ವೇಸ್ಟಾ?

ನಂದು 14 ವರ್ಷ, ನಮ್ಮನೇಲೂ ಯಾರೂ ಬದಲಾಗಿಲ್ಲ. ಅಮ್ಮ ಈಗ್ಲೂ ಸೋಮವಾರ ಒಪ್ಪೊತ್ತು ಇರ್ತಾಳೆ. ಹೋದ ವರ್ಷ ತಂಗಿ ಹೆರಿಗೆಗೆ ಆಸ್ಪತ್ರೆ ಸೇರಿದ್ಳು, ರಾತ್ರಿ ಎರಡು ಗಂಟೆಗೆ ಅಮ್ಮಂದು ಫೋನು, ನಂಜುಂಡೇಶ್ವರಂಗೆ ಹರಕೆ ಹೊತ್ತಿದೀನಿ, ನೀನೂ ನಿಮ್ ಯೇಸಪ್ಪಂಗೆ ಒಂದ್ ಮಾತು ಹೇಳಪ್ಪ, ಜೋರಾಗಿ ಹೇಳು, ಸ್ಪೀಕರ್ ಹಾಕಿದೀನಿ ಅಂದ್ಳು. ವಾರ್ಡ್ ಹೊರಗಿನ ಬೆಂಚಲ್ಲಿ ಅಪ್ಪ, ಭಾವ, ಭಾವನ ತಾಯಿ ಎಲ್ಲಾ ಕೂತಿದ್ರಂತೆ. ನಾನು ಚರ್ಚ್ ಭಾಷೆ ಎಲ್ಲಾ ಮರೆತು ಬರೀ ತಂಗಿ ಹೆಸರು ಹೇಳಿ ಕಾಪಾಡಪ್ಪ ಅಂದೆ. ಆಮೇಲೆ ಅಪ್ಪ ಫೋನ್ ಇಸ್ಕೊಂಡು, "ಆಯ್ತಾ? ಸರಿ ಮಲಕ್ಕೋ, ಬೆಳಿಗ್ಗೆ ಬಸ್ಸಿಗೆ ಬಾ" ಅಂದ್ರು.